ಅಮಾವಾಸ್ಯೆಯ ದಿನ ಹೊತ್ತಿಸಿದ ಶಗಡಿ

ಮೋನಪ್ಪನವರೇ, ಆ ಹಸಿರು ಹಲಗೆ ದವಾಖಾನೆಯದಾಗಿರಲಿಲ್ಲ. ಅದನ್ನು ನಂಬಿ ಯಾವ ರೋಗಿಯೂ ಎಲ್ಲಿಯೂ ಮಲಗಿರಲಿಲ್ಲ. ಅದು ಆಟ ಆಡುವ ಕಂಪ್ಯೂಟರಿನ ಒಂದು ಭಾಗ. ಕಂಪ್ಯೂಟರೂ ನನ್ನದು, ಆಟವೂ ನನ್ನದು. ಅಮಾವಾಸ್ಯೆಯ ದಿನ ನಿಮ್ಮ ಕೈಯಿಂದ ಬೆಂಕಿ ಹೊತ್ತಿಸಿದ್ದು ಒಂದು ಜೀವಕ್ಕಾಗಿ ಅಲ್ಲ — ನನ್ನ ಒಂದು ತಾಸಿಗಾಗಿ.

ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿದೆ. ಇನ್ನು ಕ್ರಮವಾಗಿ ಬರೆಯುತ್ತೇನೆ. ಇದನ್ನು ಬೇರೆಯವರೂ ಓದಲಿ ಎಂದು ಬರೆಯುತ್ತಿರುವುದರಿಂದ, ನಿಮಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ. ಬೇಸರಿಸಬೇಡಿ.

ನಾನು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವನು. ವಿಮಾನದ ಹೊಟ್ಟೆಯ ಕೆಳಗೆ ಮಲಗಿ ಬೋಲ್ಟು ಬಿಗಿದೆ, ರೆಕ್ಕೆ ಒರೆಸಿದೆ, ಪೈಲಟ್ ಹತ್ತುವಾಗ ಏಣಿ ಹಿಡಿದೆ. ಒಂದು ಸಲವೂ ಹಾರಲಿಲ್ಲ. ಇದು ದೂರಲ್ಲ, ನನ್ನ ಕೆಲಸ ನೆಲದ ಮೇಲಿನದು. ಆಮೇಲೆ ಬೈಲಹೊಂಗಲಕ್ಕೆ ಬಂದು ಒಂದು ಬ್ಯಾಂಕಿನಲ್ಲಿ ಕಾವಲಿನ ಕೆಲಸ ಮಾಡಿದೆ, ಅಲ್ಲಿಂದಲೂ ನಿವೃತ್ತನಾದೆ. ಆದರೂ ನಾಲ್ಕೂವರೆಗೆ ಏಳುವುದು, ಐದಕ್ಕೆ ಮುರಗೋಡ ರಸ್ತೆಯಲ್ಲಿ ನಡಿಗೆ, ಆರೂವರೆಗೆ ಚಹಾ — ಇದು ತಪ್ಪಲಿಲ್ಲ. ನನ್ನ ಹೆಂಡತಿ ಶಾಂತವ್ವ ಗಡಿಯಾರಕ್ಕೆ ಚಾವಿ ಕೊಡುವುದನ್ನೇ ಬಿಟ್ಟಿದ್ದಳು. ನೆರೆಮನೆಯವರು ಕೇಳಿದರೆ, “ಇವರು ಚಪ್ಪಲಿ ಮೆಟ್ಟಿದ್ರಂದ್ರ ಐದು, ಚಾ ಅಂದ್ರಂದ್ರ ಆರೂವರಿ. ಗಡಿಯಾರ ಯಾಕ ಬೇಕವಾ?” ಎನ್ನುತ್ತಿದ್ದಳು. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಕಿತ್ತೂರಿನ ನಾಗನಗೌಡರು — ಸೈನ್ಯದಲ್ಲಿ ಸುಬೇದಾರರಾಗಿದ್ದವರು — ಬೆಳಗಾವಿಯಿಂದ ಹೊಸ ಕಂಪ್ಯೂಟರ್ ತಂದು ನನ್ನನ್ನು ಕರೆಸಿದರು. ಅದರಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಪರದೆಯ ಮೇಲೆ ರನ್‌ವೇ, ಎದುರಿಗೆ ಮೀಟರುಗಳ ಸಾಲು, ಗಾಜಿನಾಚೆ ಆಕಾಶ. ಏಣಿಯ ಮೇಲೆ ನಿಂತು ಸಾವಿರ ಸಲ ನೋಡಿದ್ದ ಜಾಗ ಅದು. ಆದರೆ ಆ ವಿಮಾನ ಹಾರುತ್ತಿತ್ತು ಎನ್ನುವಂತಿರಲಿಲ್ಲ. ಮದುವೆಯ ಆಲ್ಬಮ್ಮಿನ ಹಾಳೆ ತಿರುವಿದ ಹಾಗೆ ಒಂದು ಚಿತ್ರ, ಆಮೇಲೆ ಇನ್ನೊಂದು ಚಿತ್ರ.

“ನೋಡಪಾ ಫಿಟ್ಟರ್, ಹೊಸಾ ಮಾಲು. ಹೆಂಗ ಹಾರತೈತಿ!” ಎಂದರು ಗೌಡರು.

“ಹಾರೂದಲ್ಲರಿ ಗೌಡ್ರ, ತೆವಳಾಕ ಹತ್ತೈತಿ.”

“ಹಂಗಾದ್ರ ನೀನ ಒಂದು ಮಾಡಿ ಹಾರಸಿ ತೋರಸು. ಬೋಲ್ಟ್ ಬಿಗದಂಗಲ್ಲ ಇದು.”

“ತೋರಸತೇನ್ರಿ,” ಎಂದೆ. ಎದ್ದು ಬಂದೆ. ಚಹಾ ಕುಡಿಯಲಿಲ್ಲ.

ನಮ್ಮ ಬಜಾರಿನಲ್ಲಿ ಟಿವಿ ರಿಪೇರಿ ಮಾಡುವ ಸಲೀಂಸಾಬನಿಗೆ ವಿಷಯ ಹೇಳಿದೆ. ಅವನು ನಕ್ಕ. “ಮಿಲ್ಟ್ರಿ ಕಾಕಾ, ಗೌಡ್ರ ಕಂಪ್ಯೂಟರಿನ್ಯಾಗ ಲೆಕ್ಕಾ ಮಾಡಾಂವನೇ ಚಿತ್ರಾನೂ ಬಿಡಸಬೇಕು. ಒಬ್ಬಾಂವ ಎಷ್ಟಂತ ಮಾಡತಾನ? ಚಿತ್ರಾ ಬಿಡಸಾಕ ಬ್ಯಾರೇ ಕಾರ್ಡ್ ಬರತೈತಿ. ಹೊಸದರ ಕಿಮ್ಮತ್ತು ಕೇಳಿದ್ರ ಕಾಕೂ ನಿಮ್ಮನ್ನ ಮನೀ ಹೊರಗ ಹಾಕತಾರ. ಹಳೇವು ತರತೇನಿ, ತಡೀರಿ.”

ಬೆಳಗಾವಿಯಲ್ಲಿ ಮದುವೆಯ ವಿಡಿಯೋ ಜೋಡಿಸುವ ಸ್ಟುಡಿಯೋ ಒಂದು ಹೊಸ ಯಂತ್ರಗಳನ್ನು ಕೊಂಡು ಹಳೆಯ ಗ್ರಾಫಿಕ್ಸ್ ಕಾರ್ಡುಗಳನ್ನು ಮೂಲೆಗೆ ಹಾಕಿತ್ತು. ಸಲೀಂ ಅಲ್ಲಿಂದ ಮೂರು ತಂದ. ಒಂದು ಪೂರ್ತಿ ಸತ್ತದ್ದು. ಇನ್ನೊಂದರ ಮೂಲೆ ಮುರಿದಿತ್ತು, ಆದರೆ ಫ್ಯಾನು ಚೆನ್ನಾಗಿತ್ತು. ಮೂರನೆಯದು ನಾಲ್ಕು ವರ್ಷದ ಹಿಂದೆ ಒಳ್ಳೆಯ ಕಾರ್ಡು ಎನಿಸಿಕೊಂಡಿದ್ದದ್ದು, ಫ್ಯಾನು ಸುಟ್ಟಿತ್ತು. ಎರಡನೆಯದರ ಫ್ಯಾನು ಬಿಚ್ಚಿ ಮೂರನೆಯದಕ್ಕೆ ಕೂರಿಸಿದೆ. ಮುಚ್ಚಿಹೋದ ಸೈಬರ್ ಕೆಫೆಯೊಂದರ ಮದರ್‌ಬೋರ್ಡು, ಎರಡು ಕಡೆಯಿಂದ ಬಂದ ಎರಡು ಮೆಮರಿ ಪಟ್ಟಿ, ಸ್ಪ್ರಿಂಗ್ ಸಡಿಲಾದ ಜಾಯ್‌ಸ್ಟಿಕ್. ಇವೆಲ್ಲ ಕೂರುವುದಕ್ಕೆ ನನ್ನ ಸರ್ವಿಸಿನ ಕರಿಯ ಕಬ್ಬಿಣದ ಟ್ರಂಕು. ಅದರ ಎರಡು ಬದಿಗೆ ಗಾಳಿ ಆಡಲು ತೂತು ಕೊರೆದೆ — ಒಂದೊಂದೂ ಒಂದೇ ಅಳತೆಯವು, ಸ್ಕೇಲ್ ಇಟ್ಟು. ಐದು ವಾರ, ದಿನಾ ಒಂಬತ್ತರಿಂದ ಹನ್ನೆರಡು. ಸ್ಕ್ರೂಗಳೆಲ್ಲ ಕಡ್ಡಿಪೆಟ್ಟಿಗೆಗಳಲ್ಲಿ, ಮೇಲೆ ಚೀಟಿ.

ಈಗಲೂ ಹೇಳುತ್ತೇನೆ, ಮೋನಪ್ಪನವರೇ, ಆ ಐದು ವಾರ ನಾನು ಇಪ್ಪತ್ತೈದರ ಹುಡುಗನಂತಿದ್ದೆ. ಸುಳ್ಳಿಗೆ ನಾಚುತ್ತೇನೆ, ಆ ಯಂತ್ರಕ್ಕೆ ನಾಚುವುದಿಲ್ಲ.

ಕೆಲಸ ಹಿಡಿತಕ್ಕೆ ಬಂತೆನಿಸಿದ ದಿನ ಏಳು ಜನ ಮಾಜಿ ಸೈನಿಕರಿಗೆ ಅಂಚೆ ಕಾರ್ಡು ಬರೆದೆ. ಸವದತ್ತಿಗೆ, ರಾಮದುರ್ಗಕ್ಕೆ, ಕಿತ್ತೂರಿಗೆ — ಗೌಡರಿಗೆ ಮೊದಲು. “ಬರುವ ಭಾನುವಾರ ಮುಂಜಾನೆ ಹತ್ತು ಗಂಟೆಗೆ ಸರಿಯಾಗಿ ಮೊದಲ ಹಾರಾಟ.” ಸರಿಯಾಗಿ ಎಂಬುದರ ಕೆಳಗೆ ಗೆರೆ ಎಳೆದೆ.

ಶುಕ್ರವಾರ ಚಾಲೂ ಮಾಡಿದೆ. ವಿಮಾನ ಸರಸರ ಓಡಿತು, ನೆಲ ಬಿಟ್ಟಿತು — ಬಿಟ್ಟ ಕೂಡಲೇ ಪರದೆಯ ತುಂಬ ಬಣ್ಣದ ಪಟ್ಟೆಗಳು. ಇಳಕಲ್ ಸೀರೆಯ ಸೆರಗು ಹರವಿದಂತೆ. ಭೂತಗನ್ನಡಿ ಹಿಡಿದು ಕಾರ್ಡನ್ನು ಇಂಚಿಂಚು ನೋಡಿದೆ. ಮೆಮರಿ ಚಿಪ್ಪಿನ ಕಾಲುಗಳು ಹೇನಿನ ಬಾಚಣಿಗೆಯ ಹಲ್ಲುಗಳಿಗಿಂತ ಸಣ್ಣವು. ಅವುಗಳಲ್ಲಿ ನಾಲ್ಕು ಕಾರ್ಡಿನ ಹಸಿರು ಹಲಗೆಯಿಂದ ಎದ್ದಿದ್ದವು. ಸಲೀಮನ ಬೆಸುಗೆ ಕಡ್ಡಿಯ ಮೂತಿ ಆ ಕಾಲಿಗಿಂತ ನಾಲ್ಕು ಪಟ್ಟು ದಪ್ಪ. “ಇರವಿ ಕೈಗೆ ಬಳಿ ಇಡಸೂ ಕೆಲಸ ಐತ್ರಿ ಕಾಕಾ ಇದು. ನನ್ನ ಕೈಲೆ ಆಗೂದಿಲ್ಲ,” ಎಂದು ಕೈ ಮುಗಿದ.

ಆಗ ನೀವು ನೆನಪಾದಿರಿ, ಬೆಳ್ಳಿ ಬಂಗಾರದ ಕೆಲಸದ ಪತ್ತಾರರು. ಹಿಂದಿನ ವರ್ಷ ಶಾಂತವ್ವನ ಬೆಂಡೋಲೆ ರಿಪೇರಿಗೆ ಸಿರಸಂಗಿಗೆ ಬಂದಾಗ ನನ್ನ ಚಸ್ಮಾದ ಮುರಿದ ಬಿಜಾಗರಿಯನ್ನು ನೀವು ಕೂರಿಸಿಕೊಟ್ಟಿದ್ದಿರಿ — ಎಲ್ಲಿ ಮುರಿದಿತ್ತು ಎಂದು ನನಗೇ ಗೊತ್ತಾಗದ ಹಾಗೆ. ಅಂದಿನಿಂದ ನಮ್ಮಿಬ್ಬರಿಗೆ ಸ್ನೇಹ. ನಿಮ್ಮ ಚಿಮಟ, ಅರ, ಊದುಗೊಳವೆ ಯಾವಾಗಲೂ ಒಂದೇ ಕ್ರಮದಲ್ಲಿರುತ್ತಿದ್ದವು. ನನ್ನಂಥವನೇ ಒಬ್ಬ ಸಿಕ್ಕ ಎಂದುಕೊಂಡಿದ್ದೆ.

ಶನಿವಾರ ಮುಂಜಾನೆಯ ಬಸ್ಸು ಹಿಡಿದೆ. ಸವದತ್ತಿಯಲ್ಲಿ ಬದಲಿಸಿ ಹನ್ನೊಂದರ ಸುಮಾರಿಗೆ ನಿಮ್ಮ ಬಾಗಿಲಲ್ಲಿ ನಿಂತೆ. ನೀವು ಕೆಂಡ ಹಾಕುವ ಶಗಡಿ ತೊಳೆದು ಕವುಚಿಟ್ಟಿತ್ತು. ಹತಾರಗಳೆಲ್ಲ ಮಣೆಯ ಮೇಲೆ ಸಾಲಾಗಿ, ಒಂದೊಂದಕ್ಕೂ ಕುಂಕುಮ, ಹೂವು. ನಾನು ತಾರೀಖು ನೋಡಿ ಬದುಕುವವನು. ತಿಥಿ ನೋಡಿರಲಿಲ್ಲ.

“ಬರ್ರಿ ಬರ್ರಿ, ಕುಂಡ್ರಿ. ಇವತ್ತ ಅಮಾಸಿರಿ,” ಎಂದಿರಿ, ನಾನು ತೋರಿಸಿದ ಕಾರ್ಡನ್ನು ತಿರುವಿ ನೋಡುತ್ತ. “ನಮ್ಮ ಮಂದಿ ಇವತ್ತ ಕಸಬಿನ ಬೆಂಕಿ ಮುಟ್ಟೂದಿಲ್ಲ. ನಮ್ಮಪ್ಪ ಮುಟ್ಟಿಲ್ಲ, ನಮ್ಮಜ್ಜ ಮುಟ್ಟಿಲ್ಲ. ಇಲ್ಲೇ ಉಳೀರಿ. ನಾಳೆ ನಸಕಿನ್ಯಾಗ ಐದಕ್ಕ ಹಚ್ಚತೇನಿ, ಆರಕ್ಕ ಮುಗಿಸಿ ಕೊಡತೇನಿ.”

ಎಷ್ಟು ಸರಳವಾಗಿತ್ತು! ಆರಕ್ಕೆ ಹೊರಟರೆ ಬಸ್ಸು ಬದಲಿಸಿ ಮನೆ ಮುಟ್ಟಿ ಕಾರ್ಡು ಕೂರಿಸುವಷ್ಟರಲ್ಲಿ ಹನ್ನೊಂದು. ನನ್ನ ಹತ್ತು ಗಂಟೆ ಹನ್ನೊಂದಾಗುತ್ತಿತ್ತು. ಏಳು ಜನ ಒಂದು ತಾಸು ಚಹಾ ಕುಡಿಯುತ್ತ ಕೂತಿರುತ್ತಿದ್ದರು, ಗೌಡರು ಎರಡು ಮಾತು ಆಡುತ್ತಿದ್ದರು. ಇಷ್ಟೇ. ಕರೆಂಟಿನ ಕಾಟವಿತ್ತೇ — ಇಲ್ಲ, ಭಾನುವಾರ ಕರೆಂಟು ಹೋಗುತ್ತಿರಲಿಲ್ಲ. ತಪ್ಪನ್ನು ಅದರ ಮೇಲೂ ಹಾಕುವಂತಿಲ್ಲ.

ನಾನು ಹೇಳಿದೆ: “ದವಾಖಾನಿ ಮಷೀನಿಂದು ಐತ್ರಿ, ಮೋನಪ್ಪನವರ. ನಾಳೆ ಹತ್ತಕ್ಕ ಚಾಲೂ ಆಗಲಿಲ್ಲಂದ್ರ ಒಂದು ಜೀವಾ ಉಳಿಯೂದಿಲ್ಲ.”

ಎಲ್ಲಿಂದ ಬಂತು ಆ ಮಾತು? ಮೊದಲೇ ಯೋಚಿಸಿರಲಿಲ್ಲ. ಬಾಯಿಗೆ ಬಂದಾಗ ನಾಲಗೆ ತಡವರಿಸಲೂ ಇಲ್ಲ. ನೀವು ಕೇಳಿದಿರಿ, “ಯಾರ ಜೀವಾರಿ?” ನಾನು ಹೇಳಿದೆ, “ರಾಮದುರ್ಗ ಕಡೀ ಹೆಣ್ಣಮಗಳು. ಬಸರಿ ಅದಾಳ.”

ನೀವು ಮಣೆಯ ಮೇಲಿನ ಹತಾರಗಳ ಕಡೆ ನೋಡಿದಿರಿ. ಒಳಗಿಂದ ನಿಮ್ಮ ಮನೆಯವರು, ಗಂಗವ್ವ, ಬಂದರು. ಅವರು ನನ್ನ ಮುಖ ನೋಡಲಿಲ್ಲ, ನಿಮ್ಮನ್ನು ನೋಡಿ ಹೇಳಿದರು: “ಏನ ವಿಚಾರ ಮಾಡಾಕ ಹತ್ತೀರಿ? ಆಕೀನೂ ಹೆಣ್ಣಲ್ಲೇನು, ನಮ್ಮವ್ವ ಕಾಳಮ್ಮ? ಆಕೀಗೆ ತಿಳೀತೈತಿ.” ಅಡಿಗೆ ಒಲೆಯಿಂದ ಕೆಂಡ ತಂದು ಶಗಡಿಗೆ ಹಾಕಿದವರು ಅವರೇ.

ಆಮೇಲೆ ನೀವು ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಒಂದೊಂದೇ ಹತಾರ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಅದರ ಕುಂಕುಮ ಒರೆಸಿದಿರಿ. ಅವಸರವಿದೆ ಎಂದು ನಾನು ಹೇಳಿದ್ದರೂ ಅಲ್ಲಿ ಅವಸರ ಮಾಡಲಿಲ್ಲ. ಆಗ ಬಾಯಿ ಬಿಡಬಹುದಿತ್ತು. ಏಳನೆಯದೋ ಎಂಟನೆಯದೋ ಹತಾರದ ಹೊತ್ತಿಗೆ ಬಿಡಬೇಕು ಎಂದೂ ಅನಿಸಿತು — ಗಡಿಯಾರ ನೋಡಿದೆ. ಮೂರರ ಬಸ್ಸು ಸಿಗುತ್ತದೆ ಎಂದು ಲೆಕ್ಕ ಹಾಕಿದೆ.

ದಪ್ಪ ತಾಮ್ರದ ಕಡ್ಡಿಯ ತುದಿಯನ್ನು ಅರದಿಂದ ತಿಕ್ಕಿ ಸೂಜಿಯಷ್ಟು ಚೂಪು ಮಾಡಿದಿರಿ. ನಾನು ತಂದ ಬೆಸುಗೆಯ ತಂತಿಯನ್ನು ಎಳ್ಳಿನ ಅರ್ಧದಷ್ಟು ತುಂಡರಿಸಿ, ರಾಳ ಹಚ್ಚಿ, ಕಾಲಿನ ಬುಡಕ್ಕೆ ಚಿಮಟದಿಂದ ಇಟ್ಟಿರಿ. ಕಡ್ಡಿಯನ್ನು ಕೆಂಡದಲ್ಲಿ ಕಾಯಿಸಿ, ಉಸಿರು ಹಿಡಿದು, ಮುಟ್ಟಿಸಿ ತೆಗೆದಿರಿ. ಒಂದು. ಮತ್ತೆ ಕೆಂಡ. ಎರಡು. ಮೂರನೆಯದು ಪಕ್ಕದ ಕಾಲಿಗೆ ಅಂಟಿಕೊಂಡಿತು. ಬೈಯಲಿಲ್ಲ, ಬಿಡಿಸಿ ಮತ್ತೆ ಹಾಕಿದಿರಿ. ನಾಲ್ಕು. ಕಂಪ್ಯೂಟರನ್ನೇ ನೋಡದ ಕೈ ಅದು. ಇಪ್ಪತ್ತು ವರ್ಷ ವಿಮಾನಗಳ ನಡುವೆ ಎಂತೆಂಥ ಕೈಗಳನ್ನು ನೋಡಿದವನು ನಾನು — ಅಂಥದನ್ನು ನೋಡಿರಲಿಲ್ಲ.

ಕೂಲಿ ಕೇಳಿದರೆ ಬೇಡ ಎಂದಿರಿ. “ಇದಕ್ಕ ರೊಕ್ಕಾ ತಗೋಬಾರದ್ರಿ. ಓಡ್ರಿ, ಬಸ್ ತಪ್ಪತೈತಿ.”

ಭಾನುವಾರ ಹತ್ತು ಗಂಟೆ. ನಮ್ಮ ಪಡಸಾಲೆಯಲ್ಲಿ ಏಳು ಜನ. ಟ್ರಂಕು ನೋಡಿ ಗೌಡರು, “ಇದೇನೋ ಮಾರಾಯಾ, ವಿಮಾನ ಹಾರಸ್ತಿಯೋ, ಪೋಸ್ಟಿಂಗಿಗೆ ಹೊಂಟೀಯೋ?” ಎಂದರು. ಎಲ್ಲರೂ ನಕ್ಕರು. ನಾನು ಬಟನ್ ಒತ್ತಿದೆ. ಟ್ರಂಕಿನೊಳಗೆ ಫ್ಯಾನು ಗುಂಯ್ ಎಂದಿತು. ಪರದೆ ಬೆಳಗಿತು — ರನ್‌ವೇ, ಮೀಟರುಗಳು, ಆಕಾಶ. ಥ್ರಾಟಲ್ ಮುಂದೆ ಮಾಡಿದೆ. ನೆಲ ಹರಿಯತೊಡಗಿತು: ಆಲ್ಬಮ್ಮಿನ ಹಾಳೆಯಂತಲ್ಲ, ಮಲಪ್ರಭೆಯ ನೀರಿನಂತೆ. ಜಾಯ್‌ಸ್ಟಿಕ್ ಹಿಂದಕ್ಕೆ ಎಳೆದೆ. ನೆಲ ಬಿಟ್ಟಿತು. ಪಟ್ಟೆ ಬರಬಹುದೆಂದು ಉಸಿರು ಬಿಗಿಹಿಡಿದೆ — ಬರಲಿಲ್ಲ. ಒಂದೂ ಬರಲಿಲ್ಲ. ಮೋಡ ಬಂತು, ಮೋಡದೊಳಗೆ ಹೊಕ್ಕೆ, ಮೇಲೆ ಬಂದೆ. ಕೆಳಗೆ ಹೊಲಗಳು ಚೌಕ ಚೌಕ. ರೆಕ್ಕೆ ವಾಲಿಸಿದರೆ ಸೂರ್ಯನ ಬೆಳಕು ಗಾಜಿನ ಮೇಲೆ ಜಾರುತ್ತಿತ್ತು.

ಯಾರೂ ನಗಲಿಲ್ಲ. ರಾಮದುರ್ಗದ ಹವಾಲ್ದಾರ್ ಬಸಲಿಂಗಪ್ಪ ಎದ್ದು ನಿಂತುಬಿಟ್ಟಿದ್ದ. ಇಳಿಸುವಾಗ ಒಂದು ಸಲ ಪುಟಿಯಿತು, ಎರಡನೆಯದಕ್ಕೆ ನಿಂತಿತು. ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಒಳಬಾಗಿಲಲ್ಲಿ ನಿಂತಿದ್ದ ಶಾಂತವ್ವ, “ಇಳದ್ರಿಲ್ಲ ಒಮ್ಮೆರ? ಇನ್ನರ ಚಾ ಕುಡೀರಿ,” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಗೌಡರು ತಾವೂ ಕೂತು ಹಾರಿಸಲು ಹೋಗಿ ರನ್‌ವೇ ಮುಗಿಯುವ ಮೊದಲೇ ಮೂತಿ ನೆಲಕ್ಕೆ ಹಚ್ಚಿದರು. “ಸೈನ್ಯದಾಂವಾರಿ, ನೆಲಾ ಬಿಡಾಕ ಮನಸ ಒಪ್ಪೂದಿಲ್ಲ,” ಎಂದರು. ಆಮೇಲೆ ನನ್ನ ಬೆನ್ನು ತಟ್ಟಿ, ಎಲ್ಲರೆದುರು ಕೇಳಿದರು: “ಖರೇ ಹೇಳು ಫಿಟ್ಟರ್. ಈ ಹಳೇ ಕಾರ್ಡಿಗೆ ಜೀವಾ ಕೊಟ್ಟಾಂವ ಯಾರು?”

“ನಾನ ರಿ,” ಎಂದೆ.

ಇದು ನನ್ನ ಎರಡನೆಯ ಸುಳ್ಳು. ನಿಮ್ಮ ಹೆಸರು ಹೇಳಿದ್ದರೆ ಬಸಲಿಂಗಪ್ಪ ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ ಸಿರಸಂಗಿಯಲ್ಲಿ ಇಳಿದು ನಿಮ್ಮನ್ನು ಹೊಗಳುತ್ತಿದ್ದ. ಮೊದಲನೆಯ ಸುಳ್ಳು ಬಯಲಾಗುತ್ತಿತ್ತು. ಹಾಗಾಗಿ ನಿಮ್ಮ ನಿಯಮವನ್ನು ಮುರಿಸಿದವನು ನಿಮ್ಮ ಕೀರ್ತಿಯನ್ನೂ ಇಟ್ಟುಕೊಂಡೆ. ಆ ಚಪ್ಪಾಳೆಯಲ್ಲಿ ಅರ್ಧ ನಿಮ್ಮದು. ಅರ್ಧಕ್ಕಿಂತ ಹೆಚ್ಚು.

ಅಷ್ಟಕ್ಕೇ ನಿಂತಿದ್ದರೆ — ನಿಲ್ಲಲಿಲ್ಲ. ಮುಂದಿನ ಸಲ ಬಂದಾಗ ಗಂಗವ್ವನಿಂದ ತಿಳಿಯಿತು: ಬೆಂಕಿ ಮುಟ್ಟಿದ್ದಕ್ಕೆ ನೀವು ತಪ್ಪುಗಾಣಿಕೆ ಕಟ್ಟಿದ್ದಿರಿ, ಐದು ಅಮಾವಾಸ್ಯೆ ಬರಿಗಾಲಲ್ಲಿ ಕಾಳಮ್ಮನ ಗುಡಿಗೆ ಹೋಗಿ ಉಪವಾಸ ಮಾಡುತ್ತಿದ್ದಿರಿ. ನೀವು ಅದರ ಮಾತೆತ್ತಲಿಲ್ಲ. “ಆ ಹೆಣ್ಣಮಗಳು ಹೆಂಗ ಅದಾಳ್ರಿ?” ಎಂದಷ್ಟೇ ಕೇಳಿದಿರಿ. ನಾನು, “ಆರಾಮ ಅದಾಳ್ರಿ,” ಎಂದೆ. ಅದರ ಮುಂದಿನ ಸಲ ಕೇಳಿದಾಗ ಅವಳಿಗೆ ಹೆರಿಗೆ ಮಾಡಿಸಬೇಕಾಯಿತು. ಗಂಡು ಮಗು ಎಂದೆ. ನೀವು ಎದ್ದು ಹೋಗಿ, ಒಂದು ಜೊತೆ ಬೆಳ್ಳಿಯ ಕಡಗ ತಂದು ನನ್ನ ಕೈಗಿಟ್ಟಿರಿ — ಕೂಸಿಗೆ ಮುಟ್ಟಿಸ್ರಿ ಎಂದು. ನೀವೇ ಬಡಿದದ್ದು, ಅಂಚಿಗೆ ಸಣ್ಣ ಬೇವಿನೆಲೆ ಕೊರೆದದ್ದು.

ತೆಗೆದುಕೊಂಡೆ. ಬೇಡ ಎನ್ನಲು ನನ್ನಲ್ಲಿ ಯಾವ ಕಾರಣ ಉಳಿದಿತ್ತು?

ಆರು ವರ್ಷ. ಆ ಇಲ್ಲದ ಮಗು ಸಾಲೆಗೆ ಹೋಗಲು ಶುರು ಮಾಡಿದೆ. ನಾನು ದಿನಾ ಒಂಬತ್ತರಿಂದ ಹತ್ತರವರೆಗೆ ಹಾರಿಸುತ್ತೇನೆ. ನೀವು ಬೆಸೆದ ನಾಲ್ಕು ಕಾಲುಗಳಲ್ಲಿ ಒಂದೂ ಈವರೆಗೆ ಎದ್ದಿಲ್ಲ. ಗೌಡರ ಹೊಸ ಕಂಪ್ಯೂಟರು ಗುಜರಿಗೆ ಹೋಗಿದೆ.

ಹೀಗೇ ನಡೆದುಹೋಗುತ್ತಿತ್ತೇನೋ. ಹೋದ ತಿಂಗಳು ನಾನು ನಿಮ್ಮ ಮನೆಯಲ್ಲಿದ್ದಾಗ ನಿಮ್ಮ ಮಗ ವಿರೂಪಾಕ್ಷ ಮದುವೆಯ ತಾಳಿಯೊಂದರ ಕೆಲಸ ಮುಗಿಸಲು ಅಮಾವಾಸ್ಯೆಯ ದಿನ ಶಗಡಿ ಹೊತ್ತಿಸುತ್ತೇನೆ ಎಂದ. ಗಿರಾಕಿ ಕಾಯುವುದಿಲ್ಲ, ಒಂದು ದಿನ ತಡವಾದರೆ ಬೇರೆ ಅಂಗಡಿಗೆ ಹೋಗುತ್ತಾನೆ ಎಂದ. ನೀವು ಸಿಟ್ಟಾಗಲಿಲ್ಲ. “ನಾನೂ ಒಂದ ಸಲ ಹಚ್ಚೇನಿ, ತಮ್ಮಾ. ಒಂದು ಜೀವಾ ಉಳಸಾಕ ಹಚ್ಚೇನಿ. ನಿಂದು ಏನೈತಿ ಹೇಳು, ಗಿರಾಕಿ. ಬೇಕಾದ್ರ ಇವರ್ನ ಕೇಳು,” ಎಂದು ನನ್ನ ಕಡೆ ಕೈ ಮಾಡಿದಿರಿ.

ನಿಮ್ಮ ಮಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಎದ್ದು ಹೊರಗೆ ಹೋದ, ತಲೆ ತಗ್ಗಿಸಿ.

ಅವನ ಗಿರಾಕಿ ನಿಜವಾದವನು, ಮೋನಪ್ಪನವರೇ. ಅವನ ಅವಸರ ನಿಜವಾದದ್ದು. ನನ್ನ ಅವಸರಕ್ಕೆ ಹೋಲಿಸಿದರೆ ಅವನದು ಎಷ್ಟೋ ಪಾಲು — ಇರಲಿ. ನಿಮ್ಮ ನಿಯಮ ಸರಿಯೋ ಅವನ ಅವಸರ ಸರಿಯೋ ಎಂದು ಹೇಳಲು ನಾನು ಯಾರೂ ಅಲ್ಲ. ಆದರೆ ನೀವು ಅವನನ್ನು ಅಳೆದ ಗಜವೇ ಸುಳ್ಳಿನದು, ಅದನ್ನು ನಿಮ್ಮ ಕೈಗೆ ಕೊಟ್ಟವನು ನಾನು. ತಂದೆ ಮಗನ ನಡುವೆ ಅದು ಇರಕೂಡದು.

ನನ್ನ ಶಿಸ್ತನ್ನು ಊರೆಲ್ಲ ಹೊಗಳಿದೆ. ಹತ್ತು ಎಂದರೆ ಹತ್ತು. ಆ ಹತ್ತನ್ನು ಉಳಿಸಿಕೊಳ್ಳಲು ನಿಮ್ಮ ಮೂರು ತಲೆಮಾರಿನ ಶಿಸ್ತನ್ನು ಮುರಿದೆ. ನಿಮ್ಮದು ದೊಡ್ಡದಾಗಿತ್ತು. ನನ್ನದು ಬರೀ ಗಡಿಯಾರ.

ಬರುವ ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಗಂಗವ್ವ, ವಿರೂಪಾಕ್ಷ ಇಬ್ಬರೂ ಕೂತಿರಲಿ. ಇದನ್ನು ನಿಂತು ಓದುತ್ತೇನೆ. ಕಡಗಗಳನ್ನು ತರುತ್ತೇನೆ. ಹೊರಗೆ ನಡೀರಿ ಎಂದರೆ ನಡೆಯುತ್ತೇನೆ, ಮತ್ತೆ ಬರುವುದಿಲ್ಲ. ಆ ಏಳು ಜನರಿಗೂ ನಿನ್ನೆ ಅಂಚೆ ಕಾರ್ಡು ಬರೆದು ಹಾಕಿದ್ದೇನೆ. ಆ ದಿನ ಹಳೆಯ ಕಾರ್ಡಿಗೆ ಜೀವ ಕೊಟ್ಟವರು ಯಾರೆಂದು ಅವರಿಗೆ ಈ ವಾರ ತಿಳಿಯುತ್ತದೆ.

ವಾಯುಪಡೆಯಲ್ಲಿ ವಿಮಾನದ ದಾಖಲೆಯಲ್ಲಿ ತಪ್ಪು ಬರೆದರೆ ಅಳಿಸುವಂತಿರಲಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನ ತಪ್ಪು ಎಲ್ಲರಿಗೂ ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಮುಂದೆ ಹೆಸರು.

ದವಾಖಾನೆಯದು ಎಂದು ಹೇಳಿದ್ದರ ಮೇಲೆ ಗೆರೆ ಎಳೆದಿದ್ದೇನೆ. ಆಟದ್ದು. ದುರಸ್ತಿ ಮಾಡಿದವರು ಮೋನಪ್ಪ ಪತ್ತಾರ, ಸಿರಸಂಗಿ. ಸುಳ್ಳು ಹೇಳಿದವನು ಚನ್ನಬಸಪ್ಪ, ಬೈಲಹೊಂಗಲ.